ಬಂಕಿನ ಅಂಕಿಯೂ ಗಾಡಿಯ ಹಸಿವೂ

ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯುವಷ್ಟರಲ್ಲಿ ಅಲ್ಲಿಯ ಹುಡುಗ ಕೇಳುತ್ತಾನೆ: “ನಾರ್ಮಲ್ ಹಾಕ್ಲಾ ಸಾರ್, ಪ್ರೀಮಿಯಂ ಹಾಕ್ಲಾ?” ಕೇಳುವವನಿಗೂ ಅವಸರ, ಹಿಂದೆ ನಿಂತ ಸಾಲಿಗೂ ಅವಸರ. ಯೋಚಿಸುವುದಕ್ಕೆ ಹೊತ್ತಿಲ್ಲದೆ ನಾವು ಏನೋ ಒಂದನ್ನು ಹೇಳಿಬಿಡುತ್ತೇವೆ. ಸಂಬಳ ಕೈಗೆ ಬಂದ ವಾರದಲ್ಲಿ “ಒಳ್ಳೇದನ್ನೇ ಹಾಕಪ್ಪ” ಎನ್ನುತ್ತೇವೆ; ತಿಂಗಳ ಕೊನೆಗೆ ಸಾದಾ ಪೆಟ್ರೋಲೇ ಸಾಕೆನ್ನಿಸುತ್ತದೆ. ಇಂಜಿನ್ನಿಗಾದರೋ ತಿಂಗಳ ಮೊದಲು, ತಿಂಗಳ ಕೊನೆ ಎಂಬ ಭೇದವಿಲ್ಲ. ಅದಕ್ಕೆ ಒಗ್ಗುವ ಪೆಟ್ರೋಲು ಯಾವುದೆಂಬುದನ್ನು ಅದನ್ನು ಮಾಡಿದವರು ಮೊದಲೇ ಗೊತ್ತುಮಾಡಿ ಬರೆದಿಟ್ಟಿದ್ದಾರೆ. ಆ ಬರಹ ಎಲ್ಲಿದೆ, ಬಂಕಿನ ಅಂಕಿಗಳಿಗೆ ಅರ್ಥವೇನು, ಮೈಲೇಜ್ ನಿಜವಾಗಿ ಹೆಚ್ಚುವುದು ಯಾವುದರಿಂದ ಎಂಬುದನ್ನು ತಿಳಿದುಕೊಂಡರೆ ಸಾಮಾನ್ಯ ಸಂಸಾರವೊಂದು ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳನ್ನು ಉಳಿಸಿಕೊಳ್ಳಬಹುದು. ಬಾಡಿಗೆ ಗಾಡಿ ಓಡಿಸಿ ಜೀವನ ಮಾಡುವವರಿಗಂತೂ ಇದು ದಿನದ ದುಡಿಮೆಯ ಪ್ರಶ್ನೆಯೇ ಸರಿ.

ಬಂಕಿನಲ್ಲಿ 91, 95, 100 ಎಂದು ಕಾಣುವ ಅಂಕಿಗಳು ಆಕ್ಟೇನ್ ಅಂಕಿಗಳು. ಅಂಕಿ ದೊಡ್ಡದಾದಷ್ಟೂ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ನೂರಕ್ಕೆ ತೊಂಬತ್ತೊಂದು ಅಂಕ ತೆಗೆದ ಹುಡುಗನಿಗಿಂತ ತೊಂಬತ್ತೈದು ತೆಗೆದವನು ಜಾಣನೆಂದು ಎಣಿಸುವ ಹಾಗೆಯೇ ಇದು. ಆದರೆ ಆಕ್ಟೇನ್ ಅಂಕಿ ಅಳೆಯುವುದು ಪೆಟ್ರೋಲಿನ ಶಕ್ತಿಯನ್ನಲ್ಲ, ಅದರ ತಾಳ್ಮೆಯನ್ನು. ಈ ಮಾತು ಮನಸ್ಸಿಗೆ ಹತ್ತಬೇಕಾದರೆ ಇಂಜಿನ್ನಿನ ಒಳಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ನೋಡಬೇಕು.

ಸಿಲಿಂಡರಿನೊಳಗೆ ಗಾಳಿಯೂ ಪೆಟ್ರೋಲೂ ಬೆರೆತು ಬರುತ್ತವೆ. ಪಿಸ್ಟನ್ ಮೇಲಕ್ಕೆ ಬಂದು ಆ ಮಿಶ್ರಣವನ್ನು ಹತ್ತರಲ್ಲಿ ಒಂದು ಪಾಲಿನ ಜಾಗಕ್ಕೆ, ಕೆಲವು ಇಂಜಿನ್ನುಗಳಲ್ಲಿ ಅದಕ್ಕಿಂತಲೂ ಕಿರಿದಾದ ಜಾಗಕ್ಕೆ, ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿಯನ್ನು ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. ಸರಿಯಾದ ಗಳಿಗೆಯಲ್ಲಿ ಸ್ಪಾರ್ಕ್ ಪ್ಲಗ್ಗು ಕಿಡಿ ಕೊಡುತ್ತದೆ. ಬೆಂಕಿ ಆ ಕಿಡಿಯಿಂದ ಹೊರಟು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕ್ರಮವಾಗಿ ಹಬ್ಬುತ್ತದೆ. ಉರಿದ ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಹೀಗಾಗುವುದು ಸಹಜ ಕ್ರಮ. ಆದರೆ ಬೆಂಕಿ ತನ್ನ ಬಳಿಗೆ ಬರುವ ತನಕ ಕಾಯಲಾರದೆ, ಮೂಲೆಯಲ್ಲಿ ಉಳಿದ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಾನೇ ತಾನಾಗಿ ಹೊತ್ತಿಕೊಳ್ಳುವುದುಂಟು. ಸರಪಟಾಕಿಯ ಬತ್ತಿಗೆ ಬೆಂಕಿ ಇಟ್ಟರೆ ಒಂದರ ಹಿಂದೊಂದು ಸಿಡಿಯಬೇಕು; ಇಡೀ ಸರವೇ ಒಮ್ಮೆಗೆ ಸಿಡಿದರೆ ಹೇಗೋ ಇದೂ ಹಾಗೆ. ಆಗ ಪಿಸ್ಟನ್ನಿಗೆ ಸಿಗುವುದು ನೂಕು ಅಲ್ಲ, ಸುತ್ತಿಗೆಯ ಏಟು. ಗ್ಯಾರೇಜಿನವರು ಇದನ್ನೇ ನಾಕಿಂಗ್ ಎನ್ನುತ್ತಾರೆ. ದೊಡ್ಡ ಗೇರಿನಲ್ಲಿ ಘಟ್ಟ ಹತ್ತಿಸಲು ಹೋದಾಗ ಬಾನೆಟ್ಟಿನ ಕೆಳಗಿನಿಂದ ‘ಟಣ ಟಣ’ ಎಂಬ ಸಣ್ಣ ಬಡಿತ ಕೇಳಿಸಿದರೆ ಅದೇ ಇದು. ಹೆಚ್ಚು ಕಾಲ ಹೀಗೆಯೇ ನಡೆದರೆ ಪಿಸ್ಟನ್ನು ಕೊರೆದುಹೋಗುತ್ತದೆ, ಬೇರಿಂಗು ಕೆಡುತ್ತದೆ.

ಒತ್ತಡವನ್ನು ಸಹಿಸಿಕೊಂಡು, ತನ್ನ ಸರದಿ ಬರುವವರೆಗೆ ಹೊತ್ತಿಕೊಳ್ಳದೆ ಕಾದಿರುವ ಗುಣವೇ ಆಕ್ಟೇನ್. ಇದನ್ನು ಅಳೆಯುವ ಮಾಪನವನ್ನು 1926ರ ಸುಮಾರಿಗೆ ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಸೂಚಿಸಿದನು. ಬಹಳ ಸುಲಭವಾಗಿ ಬಡಿಯುವ ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ ಎಂದೂ, ಬಡಿತವನ್ನು ಚೆನ್ನಾಗಿ ತಡೆಯುವ ಐಸೋ-ಆಕ್ಟೇನಿಗೆ 100 ಎಂದೂ ಇಟ್ಟುಕೊಂಡರು. ಪರೀಕ್ಷೆಯ ಇಂಜಿನ್ನಿನಲ್ಲಿ ಒಂದು ಪೆಟ್ರೋಲು 91 ಪಾಲು ಐಸೋ-ಆಕ್ಟೇನೂ 9 ಪಾಲು ಹೆಪ್ಟೇನೂ ಬೆರೆತ ದ್ರವದಂತೆ ನಡೆದುಕೊಂಡರೆ ಅದರ ಅಂಕಿ 91. ಇಷ್ಟೇ ಅದರ ಗುಟ್ಟು. ಲೀಟರೊಂದಕ್ಕೆ ಎಷ್ಟು ಶಕ್ತಿ ಇದೆ ಎಂಬ ವಿಚಾರವೇ ಈ ಲೆಕ್ಕದಲ್ಲಿ ಬರುವುದಿಲ್ಲ. ಎಥೆನಾಲ್ ಎಂಬ ಮದ್ಯಸಾರದ ಆಕ್ಟೇನ್ ಅಂಕಿ 108ರ ಆಸುಪಾಸಿನಲ್ಲಿದೆ. ಆದರೂ ಲೀಟರಿಗೆ ಲೀಟರು ಹೋಲಿಸಿದರೆ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆ. ಅಂಕಿ ದೊಡ್ಡದಾದರೆ ಶಕ್ತಿಯೂ ದೊಡ್ಡದು ಎಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಈ ಅಂಕಿಯನ್ನು ಏರಿಸುವುದಕ್ಕೆ ಹಿಂದೆ ಲೋಕ ಕೊಟ್ಟ ಬೆಲೆಯನ್ನೂ ಇಲ್ಲಿ ನೆನೆಯಬೇಕು. 1921ರಲ್ಲಿ ಥಾಮಸ್ ಮಿಡ್ಗ್‌ಲಿ ಎಂಬಾತ ಸೀಸದ ಒಂದು ಸಂಯುಕ್ತವನ್ನು ಚೂರೇ ಚೂರು ಬೆರೆಸಿದರೆ ಬಡಿತ ನಿಲ್ಲುವುದೆಂದು ಕಂಡುಕೊಂಡನು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಕೆಲಸಗಾರರಲ್ಲಿ ಐವರು ಸೀಸದ ವಿಷವೇರಿ ಸತ್ತರು. ಆದರೂ ಅದು ಜಗತ್ತಿನ ಎಲ್ಲ ಬಂಕುಗಳಿಗೂ ಹರಡಿತು. ಹೊಗೆಯೊಡನೆ ಹೊರಬಿದ್ದ ಸೀಸ ಊರೂರಿನ ಮಕ್ಕಳ ರಕ್ತವನ್ನು ಸೇರಿತು. ನಮ್ಮ ದೇಶದಲ್ಲಿ 2000ದ ಫೆಬ್ರವರಿ 1ರಿಂದ ಸೀಸದ ಪೆಟ್ರೋಲು ನಿಂತಿತು. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶವಾದ ಆಲ್ಜೀರಿಯ 2021ರಲ್ಲಿ ಅದನ್ನು ಬಿಟ್ಟಿತು. ಈಗ ಆಕ್ಟೇನನ್ನು ಏರಿಸುವುದು ಶುದ್ಧೀಕರಣಾಗಾರದ ಸಂಸ್ಕರಣದಿಂದ ಮತ್ತು ಎಥೆನಾಲ್ ಬೆರಕೆಯಿಂದ.

ಹಾಗಾದರೆ ನಿಮ್ಮ ಗಾಡಿಗೆ ಯಾವುದು? ಉತ್ತರ ಎರಡು ಕಡೆ ಇದೆ: ಗಾಡಿಯೊಡನೆ ಕೊಟ್ಟ ಕೈಪಿಡಿಯಲ್ಲಿ, ಮತ್ತು ಅನೇಕ ಗಾಡಿಗಳಲ್ಲಿ ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದ ಬಿಎಸ್-6 ನಿಯಮ ಸಾದಾ ಪೆಟ್ರೋಲಿಗೆ ಕನಿಷ್ಠ 91, ಪ್ರೀಮಿಯಂಗೆ ಕನಿಷ್ಠ 95 ಎಂದು ಗೊತ್ತುಮಾಡಿತು. ಅದರಾಚೆ ಎಥೆನಾಲಿನ ಬೆರಕೆ ಹೆಚ್ಚಿದಂತೆಲ್ಲ ಸಾದಾ ಪೆಟ್ರೋಲಿನ ಆಕ್ಟೇನೂ ಏರುತ್ತ ಬಂದಿದೆ. ಕೈಪಿಡಿಯಲ್ಲಿ 91 ಎಂದಿದ್ದರೆ ಸಾದಾ ಪೆಟ್ರೋಲೇ ಸರಿ. ಆ ಇಂಜಿನ್ನಿನ ಒತ್ತಡವನ್ನು ತಾಳುವಷ್ಟು ತಾಳ್ಮೆ ಅದರಲ್ಲಿ ಆಗಲೇ ಇದೆ. ಅದಕ್ಕೂ ಮೀರಿದ ತಾಳ್ಮೆಯನ್ನು ದುಡ್ಡು ಕೊಟ್ಟು ತಂದರೆ ಅದಕ್ಕೆ ಅಲ್ಲಿ ಕೆಲಸವಿಲ್ಲ. ನಮ್ಮ ಸ್ಕೂಟರು, ಮೋಟಾರ್ ಸೈಕಲು, ಸಣ್ಣ ಕಾರುಗಳಲ್ಲಿ ಬಹುಪಾಲು ಈ ಗುಂಪಿನವು.

ಕೈಪಿಡಿಯಲ್ಲಿ “95 ಉತ್ತಮ” ಎಂದಿದ್ದರೆ ಮಾತು ಬೇರೆ. ಟರ್ಬೋ ಇರುವ, ಹೆಚ್ಚು ಒತ್ತಡದ ಇಂಜಿನ್ನುಗಳು ಈ ಬಗೆಯವು. ಅವುಗಳಲ್ಲಿ ಬಡಿತವನ್ನು ಆಲಿಸುವ ಒಂದು ಸಣ್ಣ ಕಿವಿ ಇರುತ್ತದೆ. ಬಡಿತದ ಸುಳಿವು ಸಿಕ್ಕೊಡನೆ ಅದು ಕಿಡಿಯನ್ನು ಒಂದಿಷ್ಟು ತಡಮಾಡಿಸುತ್ತದೆ. ಇಂಜಿನ್ನು ಉಳಿಯುತ್ತದೆ, ಆದರೆ ಎಳೆತವೂ ಮೈಲೇಜೂ ಸ್ವಲ್ಪ ತಗ್ಗುತ್ತವೆ. ಇಂಥ ಗಾಡಿಗೆ ಪ್ರೀಮಿಯಂ ಹಾಕಿದರೆ, ವಿಶೇಷವಾಗಿ ಭಾರ ಹೊತ್ತು ಘಟ್ಟ ಹತ್ತುವಾಗ, ಪ್ರಯೋಜನ ಕಂಡೀತು. “95 ಕಡ್ಡಾಯ” ಎಂದೇ ಬರೆದಿದ್ದರೆ ಅಲ್ಲಿ ಉಳಿತಾಯದ ಯೋಚನೆ ಸಲ್ಲದು. ಪೆಟ್ರೋಲಿನಲ್ಲಿ ಉಳಿಸಿದ ರೂಪಾಯಿಯನ್ನು ಗ್ಯಾರೇಜಿನಲ್ಲಿ ಬಡ್ಡಿಸಹಿತ ತೆರಬೇಕಾದೀತು.

ಪ್ರೀಮಿಯಂ ಪೆಟ್ರೋಲಿನಲ್ಲಿ ಇಂಜಿನ್ನಿನ ಕೊಳೆ ತೆಗೆಯುವ ರಾಸಾಯನಿಕವಿದೆ ಎಂಬ ಮಾತನ್ನು ನೀವು ಕೇಳಿರಬಹುದು. ಅದೇನೂ ಸುಳ್ಳಲ್ಲ. ಆದರೆ ಅದು ಬೇರೆ ಗುಣ, ಆಕ್ಟೇನ್ ಬೇರೆ ಗುಣ. ಮೈಲೇಜ್ ಹೆಚ್ಚುವುದೆಂದು ನಂಬಿ ಕೊಳ್ಳುವವರು ಒಂದು ಲೆಕ್ಕ ಹಾಕಿ ನೋಡಲಿ. ಸಾದಾ ಪೆಟ್ರೋಲು ಲೀಟರಿಗೆ 100 ರೂಪಾಯಿ, ಪ್ರೀಮಿಯಂ 108 ರೂಪಾಯಿ ಎಂದಿಟ್ಟುಕೊಳ್ಳೋಣ. ಲೀಟರಿಗೆ 15 ಕಿಲೋಮೀಟರು ಕೊಡುವ ಕಾರು ತಿಂಗಳಿಗೆ 900 ಕಿಲೋಮೀಟರು ಓಡಿದರೆ 60 ಲೀಟರು ಬೇಕು. ಸಾದಾ ಆದರೆ 6,000 ರೂಪಾಯಿ, ಪ್ರೀಮಿಯಂ ಆದರೆ 6,480. ಈ 480 ರೂಪಾಯಿ ಹುಟ್ಟಬೇಕಾದರೆ ಕಾರು 15ರ ಬದಲು 16.2 ಕಿಲೋಮೀಟರು ಓಡಬೇಕು. 91ಕ್ಕೆಂದೇ ಮಾಡಿದ ಇಂಜಿನ್ನಿನಿಂದ ಇದನ್ನು ನಿರೀಕ್ಷಿಸುವಂತಿಲ್ಲ. ಹನ್ನೆರಡು ತಿಂಗಳಿಗೆ ಇದು 5,760 ರೂಪಾಯಿ. ಮನೆಯಲ್ಲಿ ಮಕ್ಕಳ ಪುಸ್ತಕಕ್ಕೋ ದೀಪಾವಳಿಯ ಬಟ್ಟೆಗೋ ಆಗುವ ಹಣ. ಇದು ನಮ್ಮೊಬ್ಬರ ಭ್ರಮೆಯೂ ಅಲ್ಲ. ಅಮೆರಿಕದ ಮೋಟಾರು ಸಂಘವಾದ ಎಎಎ 2016ರಲ್ಲಿ ಪರೀಕ್ಷೆ ನಡೆಸಿ, ಪ್ರೀಮಿಯಂ ಬೇಕಿಲ್ಲದ ಗಾಡಿಗಳಿಗೆ ಅದನ್ನು ಹಾಕಿಸಿ ಅಲ್ಲಿಯ ಜನ ವರ್ಷವೊಂದಕ್ಕೆ 210 ಕೋಟಿ ಡಾಲರುಗಳನ್ನು ವ್ಯರ್ಥ ಮಾಡಿದ್ದಾರೆಂದು ಲೆಕ್ಕ ಹಾಕಿತು.

ಅಮೆರಿಕದ ಮಾತು ಬಂದದ್ದರಿಂದ ಒಂದು ಸಂಶಯವನ್ನೂ ಪರಿಹರಿಸಿಬಿಡಬಹುದು. ಅಲ್ಲಿರುವ ಮಗನೋ ಮಗಳೋ “ನಾವು ಇಲ್ಲಿ 87 ಹಾಕುತ್ತೇವೆ” ಎಂದರೆ ಅಲ್ಲಿಯದು ಕೀಳು ಪೆಟ್ರೋಲೆಂದು ಭಾವಿಸಬೇಡಿ. ಆಕ್ಟೇನ್ ಅಳೆಯುವ ಪರೀಕ್ಷೆ ಎರಡು ಬಗೆ. ನಮ್ಮ ಅಂಕಿ ಸೌಮ್ಯವಾದ ಪರೀಕ್ಷೆಯದು. ಅವರದು ಸೌಮ್ಯ, ಕಠಿಣ ಎರಡೂ ಪರೀಕ್ಷೆಗಳ ಸರಾಸರಿ. ಅಲ್ಲಿಯ 87 ಹೆಚ್ಚುಕಡಮೆ ನಮ್ಮ 91ಕ್ಕೆ ಸಮ.

ಇನ್ನು ಎಥೆನಾಲಿನ ವಿಷಯ. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ನಮ್ಮಲ್ಲಿ ತೀರ ಹೊಸದೇನಲ್ಲ. 1948ರಲ್ಲಿಯೇ ಪವರ್ ಆಲ್ಕೋಹಾಲ್ ಕಾಯಿದೆ ಬಂದಿತ್ತು. ಈಗಿನ ಯೋಜನೆ 2003ರಲ್ಲಿ ನೂರಕ್ಕೆ 5 ಪಾಲಿನ ಬೆರಕೆಯಿಂದ ಮೊದಲಾಯಿತು. ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಇ-20 ಪೆಟ್ರೋಲು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶವೆಲ್ಲ ಆ ಮಟ್ಟವನ್ನು ಮುಟ್ಟಿತು. ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶ ನಮ್ಮದು. ಬೆಳಗಾವಿ, ಬಾಗಲಕೋಟೆ, ಮಂಡ್ಯಗಳ ಕಬ್ಬು, ದಾವಣಗೆರೆ, ಹಾವೇರಿಗಳ ಮೆಕ್ಕೆಜೋಳ ಇಂಥ ಬೆಳೆಗಳಿಂದ ಇಂಧನ ಹುಟ್ಟಿದರೆ ಆ ಹಣ ನಮ್ಮ ರೈತರ ಕಡೆಗೆ ಹರಿದೀತೆಂಬುದು ಇದರ ಹಿಂದಿನ ಲೆಕ್ಕ.

ಆದರೆ ಗಾಡಿಯವನ ಲೆಕ್ಕವೂ ಒಂದುಂಟಷ್ಟೆ. ಐದರಲ್ಲಿ ಒಂದು ಪಾಲು ಎಥೆನಾಲ್, ಅದರಲ್ಲಿ ಮೂರನೆಯ ಒಂದು ಪಾಲು ಶಕ್ತಿ ಕಡಮೆ ಎಂದರೆ ಒಟ್ಟಿನಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ತಗ್ಗುತ್ತದೆ. ನೀತಿ ಆಯೋಗದ 2021ರ ವರದಿಯೂ ಶುದ್ಧ ಪೆಟ್ರೋಲಿಗಾಗಿ ರಚಿಸಿ ನೂರಕ್ಕೆ 10 ಪಾಲಿನ ಬೆರಕೆಗೆ ಹೊಂದಿಸಿದ್ದ ಕಾರುಗಳಲ್ಲಿ ಮೈಲೇಜ್ ನೂರಕ್ಕೆ 6ರಿಂದ 7, ಅಂಥವೇ ದ್ವಿಚಕ್ರ ವಾಹನಗಳಲ್ಲಿ 3ರಿಂದ 4 ಇಳಿಯಬಹುದೆಂದೂ, ಇ-20ಕ್ಕೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2 ಮಾತ್ರ ಎಂದೂ ಅಂದಾಜು ಮಾಡಿತ್ತು. ನಮ್ಮ ಮೊದಲಿನ ಉದಾಹರಣೆಯ ಕಾರು ಹಳೆಯದಾಗಿದ್ದರೆ ಅದೇ 900 ಕಿಲೋಮೀಟರಿಗೆ ಶುದ್ಧ ಪೆಟ್ರೋಲಿಗಿಂತ ತಿಂಗಳಿಗೆ ಸುಮಾರು 4 ಲೀಟರು ಹೆಚ್ಚು ಬೇಡೀತು. ಆದುದರಿಂದ ಮೈಲೇಜ್ ಒಂದಿಷ್ಟು ಇಳಿದೊಡನೆ ಇಂಜಿನ್ನೇ ಕೆಟ್ಟಿತೆಂದು ಗಾಬರಿಪಟ್ಟು ಅದನ್ನು ಬಿಚ್ಚಿಸಲು ಹೊರಡಬೇಡಿ. 2023ರ ಏಪ್ರಿಲಿಗಿಂತ ಹಿಂದಿನ ಗಾಡಿಯಾಗಿದ್ದರೆ ಸರ್ವಿಸಿಗೆ ಬಿಟ್ಟಾಗ ಇಂಧನದ ರಬ್ಬರ್ ಕೊಳವೆಗಳನ್ನೂ ವಾಷರುಗಳನ್ನೂ ಒಮ್ಮೆ ನೋಡಿಸಿ. ಎಥೆನಾಲ್ ನೀರಿನ ಪಸೆಯನ್ನು ಹೀರುವ ವಸ್ತು. ಗಾಡಿಯನ್ನು ತಿಂಗಳುಗಟ್ಟಲೆ ಹಳೆಯ ಪೆಟ್ರೋಲಿನೊಡನೆ ನಿಲ್ಲಿಸಿಡುವುದು ಒಳ್ಳೆಯದಲ್ಲ. ಪ್ರೀಮಿಯಂ ಎಂಬ ಹೆಸರಿದ್ದ ಮಾತ್ರಕ್ಕೆ ಅದರಲ್ಲಿ ಎಥೆನಾಲ್ ಇಲ್ಲವೆಂದೂ ತಿಳಿಯಬಾರದು.

ಪೆಟ್ರೋಲನ್ನು ಬದಲಾಯಿಸಿ ಉಳಿಸುವುದು ಇಷ್ಟು ಕಷ್ಟವಾದರೆ ಉಳಿತಾಯ ಇರುವುದೆಲ್ಲಿ? ಬಹುಪಾಲು ನಿಮ್ಮ ಬಲಗಾಲಿನಲ್ಲಿ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರದವರೆಗೆ ಬರುವುದು ಸುಮಾರು ಕಾಲುಭಾಗ ಮಾತ್ರ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಷ್ಟು ಕಷ್ಟದಿಂದ ಗಳಿಸಿದ ವೇಗವನ್ನು ಮುಂದಿನ ಹಂಪಿನ ಬಳಿ ಬ್ರೇಕು ಒತ್ತಿ ಕಳೆಯುತ್ತೇವೆ. ರಭಸದಿಂದ ಎಬ್ಬಿಸಿ ಗಕ್ಕನೆ ನಿಲ್ಲಿಸುವ ಚಾಲನೆಯಿಂದ ಹೆದ್ದಾರಿಯಲ್ಲಿ ಮೈಲೇಜ್ ನೂರಕ್ಕೆ 15ರಿಂದ 30ರಷ್ಟೂ, ನಿಂತು ನಿಂತು ಸಾಗುವ ಊರೊಳಗಿನ ದಾರಿಯಲ್ಲಿ 10ರಿಂದ 40ರಷ್ಟೂ ತಗ್ಗಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಯಾವ ಪ್ರೀಮಿಯಂ ಪೆಟ್ರೋಲೂ ಇದನ್ನು ತುಂಬಿಕೊಡಲಾರದು. ಮುಂದಿನ ಸಿಗ್ನಲು ಕೆಂಪಾಗಿರುವುದು ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದೇ ಚಾಲಕನ ಮೊದಲನೆಯ ಮಿತವ್ಯಯ.

ಎರಡನೆಯದು ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲುಪಟ್ಟು. ತಡೆ ಹೆಚ್ಚಿದ್ದು ಅರ್ಧಪಟ್ಟಿಗೂ ಮಿಗಿಲು. ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಕೊನೆಗೆ ಉಳಿಸುವ ಕಾಲು ಗಂಟೆ, ಅರ್ಧ ಗಂಟೆಗೆ ತೆರುವ ಬೆಲೆ ಇದು. ಕಾರಿನ ತಲೆಯ ಮೇಲೆ ಸದಾ ಹೊತ್ತ ಸಾಮಾನಿನ ದೊಡ್ಡ ಪೆಟ್ಟಿಗೆಯೂ ಇದೇ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತದೆ, ಬೇಕಿಲ್ಲದಾಗ ಇಳಿಸಿಡಿ.

ಮೂರನೆಯದು ನಿಂತಲ್ಲೇ ಉರಿಯುವುದು. ನಿಂತ ಸಣ್ಣ ಕಾರೂ ಗಂಟೆಗೆ ಅರ್ಧ ಲೀಟರಿನಷ್ಟು ಕುಡಿಯುತ್ತದೆ. ಏಸಿ ಹಾಕಿದ್ದರೆ ಇನ್ನೂ ಹೆಚ್ಚು. ದಿನಕ್ಕೆ ಇಪ್ಪತ್ತು ನಿಮಿಷ ಸಿಗ್ನಲುಗಳಲ್ಲಿ ಕಳೆದರೆ ತಿಂಗಳ ಇಪ್ಪತ್ತೈದು ದಿನಕ್ಕೆ ಎಂಟು ಗಂಟೆಗೆ ಮೇಲಾಯಿತು, ಎಂದರೆ 4 ಲೀಟರು. ನಿಲುಗಡೆ ದೀರ್ಘವಾಗಿದ್ದರೆ ಇಂಜಿನ್ನನ್ನು ಆರಿಸಿ. ಈಗಿನ ಗಾಡಿಗಳು ಮತ್ತೆ ಚಾಲೂ ಆಗಲು ಹೆಚ್ಚಿನ ಪೆಟ್ರೋಲನ್ನೇನೂ ಬೇಡುವುದಿಲ್ಲ.

ನಾಲ್ಕನೆಯದು ಟೈರಿನ ಗಾಳಿ. ಗಾಳಿ ಐದು ಪೌಂಡು ಇಳಿದರೆ ಮೈಲೇಜ್ ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಇದೇನು ಮಹಾ ಎನ್ನಬಹುದು. ಆದರೆ ಟೈರು ಬೇಗ ಸವೆಯುವುದನ್ನೂ, ಬ್ರೇಕು ಹಿಡಿಯುವುದರಲ್ಲಿ ಆಗುವ ವ್ಯತ್ಯಾಸವನ್ನೂ ಕೂಡಿಸಿ ನೋಡಿ. ಟೈರು ತಣ್ಣಗಿರುವಾಗ, ಬೆಳಗ್ಗೆ ಹೊರಟೊಡನೆ, ಗಾಳಿ ನೋಡಿಸುವುದು ಸರಿಯಾದ ಕ್ರಮ.

ಇಲ್ಲಿ ಘಟ್ಟದ ದಾರಿಯವರಿಗೆ ಒಂದು ಎಚ್ಚರಿಕೆ. ಶಿರಾಡಿ, ಚಾರ್ಮಾಡಿ, ಆಗುಂಬೆಗಳನ್ನು ಇಳಿಯುವಾಗ ಪೆಟ್ರೋಲು ಉಳಿಯುತ್ತದೆಂದು ಗಾಡಿಯನ್ನು ನ್ಯೂಟ್ರಲಿಗೆ ಹಾಕುವವರುಂಟು. ಕಾರ್ಬುರೇಟರಿನ ಕಾಲದಿಂದ ಬಂದ ಈ ಅಭ್ಯಾಸ ಈಗಿನ ಗಾಡಿಗಳಲ್ಲಿ ಲಾಭದ್ದಲ್ಲ, ಅಪಾಯದ್ದು. ಗೇರಿನಲ್ಲಿಯೇ ಇದ್ದು ಆಕ್ಸಿಲರೇಟರು ಬಿಟ್ಟರೆ ಇಂಜೆಕ್ಷನ್ ಇಂಜಿನ್ನು ಪೆಟ್ರೋಲನ್ನು ತಾನೇ ಕಡಿದುಬಿಡುತ್ತದೆ. ನ್ಯೂಟ್ರಲಿನಲ್ಲಾದರೋ ಇಂಜಿನ್ನು ಆರದಂತೆ ಪೆಟ್ರೋಲು ಉರಿಯುತ್ತಲೇ ಇರಬೇಕು. ಮೇಲಾಗಿ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆಯೇ ಬಿದ್ದು, ಅದು ಕಾದು, ಬೇಕಾದ ತಿರುವಿನಲ್ಲಿ ಕೈಕೊಟ್ಟೀತು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಿರಿಯ ಚಾಲಕರ ಮಾತು ಪೆಟ್ರೋಲಿಗೂ ಸರಿ, ಪ್ರಾಣಕ್ಕೂ ಸರಿ.

ಕೊನೆಯದಾಗಿ, ಇವುಗಳಲ್ಲಿ ಯಾವುದನ್ನೂ ಬರಿಯ ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ನೀವೇ ಅಳೆದು ನೋಡಬಹುದು. ಟ್ಯಾಂಕನ್ನು ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ ಓಡೋಮೀಟರಿನ ಅಂಕಿ ಬರೆದುಕೊಳ್ಳಿ. ಎಂದಿನಂತೆ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ. ನಡುವೆ ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿ. 450 ಕಿಲೋಮೀಟರಿಗೆ 30 ಲೀಟರು ಹಿಡಿದರೆ ಲೀಟರಿಗೆ 15. ಒಂದು ಸಲದ ಲೆಕ್ಕವನ್ನು ನಂಬಬೇಡಿ; ದಾರಿ, ಹವೆ, ಹೊರೆ ದಿನಕ್ಕೊಂದು ಬಗೆ. ಮೂರು ನಾಲ್ಕು ಟ್ಯಾಂಕುಗಳ ಸರಾಸರಿ ತೆಗೆಯಿರಿ. ಅಳತೆಯ ಮೇಲೆಯೇ ಅನುಮಾನ ಬಂದರೆ ಬಂಕಿನಲ್ಲಿರುವ ಐದು ಲೀಟರಿನ ಮುದ್ರೆಯ ಪಾತ್ರೆಗೆ ಹಿಡಿದು ತೋರಿಸಿರೆಂದು ಕೇಳುವ ಹಕ್ಕು ಗಿರಾಕಿಗಿದೆ, ಸಂಕೋಚ ಬೇಡ.

ಎರಡು ರೂಪಾಯಿಯ ಪೆನ್ಸಿಲ್ಲು, ಕಾರಿನ ಖಾನೆಯಲ್ಲಿ ಒಂದು ಸಣ್ಣ ಪುಸ್ತಕ: ಇಷ್ಟು ಸಾಕು. ಈ ತಿಂಗಳು ಎಂದಿನಂತೆ ಓಡಿಸಿ ಬರೆದಿಡಿ. ಮುಂದಿನ ತಿಂಗಳು ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಕಾಲನ್ನು ಹಗುರ ಮಾಡಿ ಓಡಿಸಿ ಬರೆದಿಡಿ. ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಯಾವ ಪೆಟ್ರೋಲು ಒಳ್ಳೆಯದೆಂದು ಇನ್ನೊಬ್ಬರನ್ನು ಕೇಳುವ ಅಗತ್ಯ ನಿಮಗೆ ಉಳಿಯಲಾರದು.